ನೆಲದ ಮೇಲೆ ಕೂತವರ ಎಕ್ಸ್‌ರೇ

ನನ್ನ ತಂಗಿಯ ಮಗಳು ಫಿಜಿಯೋಥೆರಪಿ ಓದಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಮಲ್ಕಾಜ್‌ಗಿರಿಯ ನಮ್ಮ ಮನೆಗೆ ಬಂದವಳು, "ದೊಡ್ಡವ್ವಾ, ಇಷ್ಟು ವರ್ಷ ದವಾಖಾನ್ಯಾಗ ದುಡದೀದಿ. ಒಂದಿಷ್ಟು ಬರದಿಡು, ನಮ್ಮಂಥಾವರಿಗೆ ಉಪಯೋಗ ಆಗತೈತಿ" ಅಂದಳು. ಬರೆಯುತ್ತಿದ್ದೇನೆ. ಉಪಯೋಗ ಆಗುತ್ತದೆ ಎಂಬ ನಂಬಿಕೆ ನನಗೇನೂ ಇಲ್ಲ. ಯಾವಾಗ ಸೀನಿಯರ್ ಆದೆ, ಯಾವಾಗ ವಿಭಾಗದ ಬೀಗದ ಕೈ ನನ್ನ ಕೈಗೆ ಬಂತು ಎಂಬುದನ್ನೆಲ್ಲ ಬಿಡುತ್ತೇನೆ. ಅದರಿಂದ ಯಾರ ಬೆನ್ನೂ ನೆಟ್ಟಗಾಗಲಿಲ್ಲ.

ಕಾಲೇಜಿನಲ್ಲಿ ನಿಮಗೆ ಸ್ನಾಯುಗಳ ಹೆಸರು ಕಲಿಸುತ್ತಾರೆ. ಬೈಸಿಕೊಳ್ಳುವುದನ್ನು ಯಾರೂ ಕಲಿಸುವುದಿಲ್ಲ, ನಮ್ಮ ಕೆಲಸದಲ್ಲಿ ಅರ್ಧ ಅದೇ. ಆಪರೇಷನ್ ಆದ ರೋಗಿ ಚೆನ್ನಾಗಿ ನಡೆದರೆ ಹೆಸರು ಸರ್ಜನ್‌ಗೆ. ನಡೆಯದಿದ್ದರೆ ಫಿಜಿಯೋ ಸರಿಯಾಗಿ ಮಾಡಿಸಲಿಲ್ಲ ಎಂದು ನಮಗೆ. ನಾನು ಸೇರಿದಾಗ ನಮ್ಮ ವಿಭಾಗ ನೆಲಮಾಳಿಗೆಯಲ್ಲಿ, ಜನರೇಟರಿನ ಪಕ್ಕದಲ್ಲಿತ್ತು. ಕಾಯಿಸಿದ ಮೇಣದ ಪಾತ್ರೆ, ಬೆನ್ನು ಎಳೆಯುವ ಒಂದು ಮಂಚ, ಬಿಸಿನೀರಿನಲ್ಲಿ ಕುದಿಸಿ ತೆಗೆಯುವ ಶಾಖದ ಚೀಲಗಳು, ಇಷ್ಟೇ ನಮ್ಮ ಆಸ್ತಿ. ಮುಖ್ಯಸ್ಥರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ರಾವ್ ಸಾರ್. ಅವರ ಚಿಕಿತ್ಸೆ ಒಂದೇ: ರೋಗಿಯ ಹಿಂದೆ ನಿಂತು "ಸೀಧಾ ಖಡೇ ರಹೋ" ಎಂದು ಗದರುವುದು. ಅರ್ಧ ಜನ ಹೆದರಿಯೇ ನೆಟ್ಟಗಾಗುತ್ತಿದ್ದರು. ಅವರನ್ನು ನೋಡಿ ನಾವು ಮರೆಯಲ್ಲಿ ನಗುತ್ತಿದ್ದೆವು. ಆಮೇಲೆ ಬಂದವರನ್ನು ನೋಡಿದ ಮೇಲೆ ರಾವ್ ಸಾರ್ ದೇವರಂಥ ಮನುಷ್ಯ ಅನಿಸಿತು.

ಆಗ ನಮ್ಮಲ್ಲಿಗೆ ಬರುತ್ತಿದ್ದ ಬೆನ್ನುಗಳೆಂದರೆ ಮಂಡಿಯ ಹಮಾಲರವು, ಮೆಹದಿಪಟ್ಟಣಂ ಕಡೆಯ ಬಸ್ ಡ್ರೈವರುಗಳವು, ನೀರು ಹೊತ್ತ ಹೆಂಗಸರವು. ನೋಡನೋಡುತ್ತಿದ್ದಂತೆ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಮಕ್ಕಳು ಬರತೊಡಗಿದರು. ಮೀಸೆ ಸರಿಯಾಗಿ ಬಂದಿರಲಿಲ್ಲ, ಬೆನ್ನು ಮಾತ್ರ ಮುದುಕರದು. ಹೈಟೆಕ್ ಸಿಟಿಯಲ್ಲಿ ಒಂದೊಂದು ಗಾಜಿನ ಕಟ್ಟಡ ಎದ್ದಾಗಲೂ ನಮ್ಮಲ್ಲಿ ಒಂದೊಂದು ಮಂಚ ಹೆಚ್ಚಾಯಿತು. ವಿಭಾಗ ನೆಲಮಾಳಿಗೆಯಿಂದ ಮೇಲೆ ಬಂತು, ಏಸಿ ಬಂತು. ಬೆನ್ನುನೋವಿನಲ್ಲಿ ದುಡ್ಡಿದೆ ಎಂಬುದು ಆಸ್ಪತ್ರೆಯ ಮಾಲೀಕರ ಕಣ್ಣಿಗೆ ಬಿತ್ತು.

ಡಾಕ್ಟರ್ ಚಕ್ರಧರ್ ಬಂದದ್ದು ಆಗಲೇ. ವಿದೇಶದಲ್ಲಿ ತರಬೇತಿ ಪಡೆದು ಬಂದಿದ್ದ ಬೆನ್ನುಮೂಳೆಯ ಸರ್ಜನ್. ಹುಡುಗನಾಗಿದ್ದಾಗ ಹುಬ್ಬಳ್ಳಿಯಲ್ಲಿ ಓದಿದ್ದರಿಂದ ನಮ್ಮ ಕಡೆಯ ಕನ್ನಡ ನೀರು ಕುಡಿದಂತೆ ಬರುತ್ತಿತ್ತು. ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸಿಕೊಂಡು ಜೇಬಿನಿಂದ ಒಂದು ಸಾಮಾನು ತೆಗೆದು ತೋರಿಸಿದರು. ಮೇಲೊಂದು ಕೆಳಗೊಂದು ಲೋಹದ ತಟ್ಟೆ, ನಡುವೆ ಬಿಳಿ ಪ್ಲಾಸ್ಟಿಕ್ಕಿನ ಗುಬುಟು. ಕೃತಕ ಡಿಸ್ಕ್. ಸೊಂಟದ ಮೂಳೆಗಳ ನಡುವೆ ಸವೆದುಹೋದ ಮೆತ್ತೆಯನ್ನು ತೆಗೆದು ಅಲ್ಲಿ ಇದನ್ನು ಕೂರಿಸುವುದು. ಹೊಟ್ಟೆಯ ಕಡೆಯಿಂದ ಕೊಯ್ದು, ಕರುಳನ್ನೂ ದೊಡ್ಡ ರಕ್ತನಾಳಗಳನ್ನೂ ಪಕ್ಕಕ್ಕೆ ಸರಿಸಿ ಒಳಗೆ ಹೋಗಬೇಕು. ಅದಕ್ಕೆ ಮೊದಲಿದ್ದ ಪದ್ಧತಿಯಲ್ಲಿ ಎರಡು ಮೂಳೆಗಳನ್ನು ಸ್ಕ್ರೂ ಹಾಕಿ ಒಂದಾಗಿ ಬೆಸೆಯುತ್ತಿದ್ದರು. ನೋವು ಕಡಿಮೆಯಾಗುತ್ತಿತ್ತು, ಆದರೆ ಇನ್ನು ನೆಲದ ಮೇಲೆ ಕೂರಬೇಡಿ ಎಂದು ನಾವು ಹೇಳಿ ಕಳಿಸುತ್ತಿದ್ದೆವು. ಆ ಮಾತು ಕೇಳಿ ಅತ್ತವರನ್ನು ನೋಡಿದ್ದೇನೆ. ಊಟದ ಪಂಕ್ತಿ, ಪೂಜೆ, ನಮಾಜು, ಬಾಣಂತಿಗೆ ಎರೆಯುವುದು, ನಮ್ಮ ಜನರ ಯಾವ ಕೆಲಸ ನೆಲ ಬಿಟ್ಟು ಆಗುತ್ತದೆ ಹೇಳಿ.

ಚಕ್ರಧರ್ ಇದನ್ನು ಸರಿಯಾಗಿಯೇ ಹಿಡಿದಿದ್ದರು. "ಈ ಡಿಸ್ಕ್ ಬಗ್ಗತೈತಿ. ನಮ್ಮ ಪೇಷಂಟ್ಸ್ ಮೊದಲಿನಂಗ ನೆಲದ ಮ್ಯಾಲೆ ಕುಂದ್ರಬಹುದು" ಅಂದರು. ನಾವು ಚಪ್ಪಾಳೆ ತಟ್ಟಿದೆವು.

ಇದ್ದದ್ದನ್ನು ಇದ್ದಂತೆ ಹೇಳಬೇಕು. ಆ ಡಿಸ್ಕಿನಿಂದ ಆರಾಮಾದವರೂ ಇದ್ದಾರೆ, ಈಗಲೂ ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾರೆ. ನನ್ನ ಸಿಟ್ಟು ಡಿಸ್ಕಿನ ಮೇಲಲ್ಲ. ಆರಾಮಾಗದವರನ್ನು ಏನು ಮಾಡಿದರು ಎಂಬುದರ ಮೇಲೆ.

ಮೊದಲು ಕುಲಕರ್ಣಿಯವರ ಕತೆ ಕೇಳಿ. ಧಾರವಾಡದವರು, ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಅಧಿಕಾರಿ. ಡಿಸ್ಕ್ ಹಾಕಿದ ಮೇಲೆ ಬೆನ್ನು ಹಗುರವಾಯಿತು, ಆದರೆ ಬಲಗಾಲು ಮಂಜಿನಂತೆ ತಣ್ಣಗಾಗಿದೆ ಎನ್ನತೊಡಗಿದರು. ಅವರ ಹೆಂಡತಿ ಬೇಸಿಗೆಯಲ್ಲೂ ಆ ಒಂದು ಕಾಲಿಗೆ ಉಣ್ಣೆಯ ಸಾಕ್ಸ್ ಹಾಕಿ ಕರೆತರುತ್ತಿದ್ದರು. ವಾರ್ಡಿನ ಎಳೆಯ ಡಾಕ್ಟರುಗಳು ಬಲಗಾಲಿಗೆ ಏನೆಲ್ಲ ಪರೀಕ್ಷೆ ಇದೆಯೋ ಅಷ್ಟನ್ನೂ ಮಾಡಿಸಿದರು. ರಕ್ತದ ಓಟ ನೋಡಿದರು, ನರ ನೋಡಿದರು. ಏನೂ ಸಿಗಲಿಲ್ಲ, ಯಾಕೆಂದರೆ ಬಲಗಾಲಿಗೆ ಏನೂ ಆಗಿರಲಿಲ್ಲ. ಹೊಟ್ಟೆಯೊಳಗೆ ದಾರಿ ಮಾಡುವಾಗ, ಕಾಲಿನ ರಕ್ತನಾಳಗಳನ್ನು ಬಿಗಿಹಿಡಿಯುವ ಎಡಗಡೆಯ ನರದ ಸರಪಳಿಗೆ ಪೆಟ್ಟಾಗಿ ಎಡಗಾಲು ಬೆಚ್ಚಗಾಗಿತ್ತು. ಅದರ ಪಕ್ಕದಲ್ಲಿ ಸರಿಯಿದ್ದ ಕಾಲು ತಣ್ಣಗೆ ಅನಿಸುತ್ತಿತ್ತು. ಕೊನೆಗೆ ಚಕ್ರಧರ್ ಬಂದು ನಕ್ಕು, "ಇದು ಕಾಮನ್ ಕುಲಕರ್ಣಿಯವರ, ತಾನ ಹೋಗತೈತಿ" ಅಂದರು.

ಕುಲಕರ್ಣಿ ನಗಲಿಲ್ಲ. "ಕಾಮನ್ ಅಂದಮ್ಯಾಲೆ ಮೊದಲ ಹೇಳಬೇಕಿತ್ತಲ್ರೀ. ನನ್ನ ಹೆಂಡ್ತಿ ಕಾಲು ತಗೀತಾರಂತ ಗುಡಿ ಗುಡಿಗೆ ಹರಕಿ ಹೊತ್ತಾಳ" ಅಂದರು.

ಹೊಸದಾಗಿ ಮದುವೆಯಾದ ಇನ್ನೊಬ್ಬನಿಗೆ ಅದೇ ಆಪರೇಷನ್ನಿನಿಂದ ಆದದ್ದನ್ನು ಅವನು ನನ್ನ ಹತ್ತಿರ ಹೇಳಲಾರದೆ ನಮ್ಮ ಗಂಡಸು ಸಹೋದ್ಯೋಗಿಯ ಹತ್ತಿರ ಹೇಳಿಕೊಂಡು ಅತ್ತ. ಮಕ್ಕಳಾಗುವುದಕ್ಕೇ ತೊಡಕಾಗಿತ್ತು. ಇಂಥದ್ದೂ ಆಗಬಹುದು ಎಂದು ಅವನಿಗೂ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದರೆ ರೋಗಿಗಳು ಹೆದರಿ ಓಡಿಹೋಗುತ್ತಾರೆ ಎಂಬುದು ಅಲ್ಲಿನ ತರ್ಕ.

ಇನ್ನು ಗಂಗವ್ವ.

ಸಿಂದಗಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗಳು ರೇಣುಕಾಳನ್ನು ಕಟ್ಟಿಕೊಂಡು ಅಮೀರ್‌ಪೇಟಿಗೆ ಬಂದು, ಕಂಪ್ಯೂಟರ್ ಕಲಿಸುವ ಸಂಸ್ಥೆಗಳ ಹಿಂದಿನ ಗಲ್ಲಿಯಲ್ಲಿ ಖಾನಾವಳಿ ಇಟ್ಟಿದ್ದಳು. ರಾಯಚೂರು, ಬಳ್ಳಾರಿ, ಕಲಬುರಗಿಯಿಂದ ಬಂದು ಹಾಸ್ಟೆಲುಗಳಲ್ಲಿದ್ದ ಮಕ್ಕಳೆಲ್ಲ ಅಲ್ಲಿಯೇ ಉಣ್ಣುತ್ತಿದ್ದರು. ಪಲ್ಯ, ಸಾರು ರೇಣುಕಾಳದು. ಜೋಳದ ರೊಟ್ಟಿ ಗಂಗವ್ವನದು. ಮಣೆ ಹಾಕಿಕೊಂಡು, ಒಂದು ಕಾಲು ಮಡಚಿ ಇನ್ನೊಂದು ಮೊಣಕಾಲು ಎತ್ತಿ ಒಲೆಯ ಮುಂದೆ ಕೂತಳೆಂದರೆ ಮುಂದಕ್ಕೆ ಬಾಗಿ ಬಡಿಯುತ್ತಲೇ ಇರುವುದು. ಹಂಚಿನ ಮೇಲೆ ಒಂದು, ಕೆಂಡದಲ್ಲಿ ಒಂದು, ಕೈಯಲ್ಲಿ ಒಂದು. ಆ ರೊಟ್ಟಿಯನ್ನು ನಾನೂ ತಿಂದಿದ್ದೇನೆ, ಹಪ್ಪಳದಷ್ಟು ತೆಳ್ಳಗೆ.

ಸೊಂಟದಿಂದ ಕಾಲಿಗೆ ಹರಿಯುವ ನೋವು ಹೊತ್ತು ಅವಳು ಬಂದಾಗ ಚಕ್ರಧರ್ ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ಅವಳು ಹೇಳಿದಳು. ಅವರ ಕಣ್ಣು ಹೇಗೆ ಹೊಳೆಯಿತೆಂದರೆ, ನಾನು ಪಕ್ಕದಲ್ಲೇ ಇದ್ದೆ, ಆಗ ಪಾಪ ಎಷ್ಟು ಕಾಳಜಿ ಅಂದುಕೊಂಡೆ. ಇಡೀ ದಿನ ನೆಲದ ಮೇಲೆ ಕೂರುವ ಇಂಥ ಹೆಣ್ಣುಮಗಳೇ ಅವರಿಗೆ ಬೇಕಾಗಿತ್ತು. ಕಂಪನಿಯವರು ಡಿಸ್ಕ್ ಪುಕ್ಕಟೆ ಕೊಡುತ್ತಾರೆ, ಆಸ್ಪತ್ರೆ ಖರ್ಚು ನಾವು ನೋಡಿಕೊಳ್ಳುತ್ತೇವೆ, ಗುಣವಾದ ಮೇಲೆ ಒಂದು ಫೋಟೋ ಅಂದರು.

ಗಂಗವ್ವ ಕೇಳಿದ್ದು ಒಂದೇ ಮಾತು. "ಡಾಕ್ಟರ್ ಸಾಹೇಬ್ರ, ಕುಂದ್ರಾಕ ಬರತೈತೇನ್ರಿ? ಕುಂತು ರೊಟ್ಟಿ ಬಡ್ಯಾಕ ಬಂದ್ರ ಸಾಕ್ರಿ. ಬ್ಯಾರೆ ಏನೂ ಬ್ಯಾಡ."

"ಬರತೈತಿ ಗಂಗವ್ವ. ಅದಕ್ಕ ಇದನ್ನ ಹಾಕೋದು" ಅಂದರು ಚಕ್ರಧರ್.

ಅವಳ ಮೂಳೆ ಆ ಲೋಹದ ತಟ್ಟೆಯನ್ನು ಹೊರುವಷ್ಟು ಗಟ್ಟಿ ಇದೆಯೋ ಇಲ್ಲವೋ ಎಂದು ಸರಿಯಾಗಿ ನೋಡಿದರೋ, ನನಗೆ ಗೊತ್ತಿಲ್ಲ. ಆಪರೇಷನ್ ಆಯಿತು. ಮರುದಿನವೇ ನಡೆದಳು. ಸೊಂಟದ ಪಟ್ಟಿ ಬಿಚ್ಚಿದ ಮೇಲೆ ನಾನೇ ಅವಳಿಗೆ ಕೂರುವುದು, ಏಳುವುದು ಮಾಡಿಸಿದೆ. ಕೆಲವು ತಿಂಗಳಿಗೆ ಫೋಟೋದವರು ದೊಡ್ಡ ದೀಪಗಳನ್ನು ಹೊತ್ತು ಅಮೀರ್‌ಪೇಟಿನ ಆ ಗಲ್ಲಿಗೆ ಹೋದರು. ಗಂಗವ್ವ ಹೊಸ ಇಳಕಲ್ ಸೀರೆ ಉಟ್ಟು ಮಣೆಯ ಮೇಲೆ ಕೂತು ನಗುತ್ತ ರೊಟ್ಟಿ ಬಡಿಯುತ್ತಿದ್ದಾಳೆ, ಕೋಟು ತೊಟ್ಟ ಚಕ್ರಧರ್ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದಾರೆ. ಬಾಗಿಲಷ್ಟು ಎತ್ತರದ ಆ ಫೋಟೋ ಆಸ್ಪತ್ರೆಯ ಮುಂಭಾಗದ ಹಾಲ್‌ನ ಗೋಡೆ ಏರಿತು. "ಮತ್ತೆ ಮೊದಲಿನಂತೆ" ಎಂದು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಕೆಳಗೆ ಬರೆಸಿದ್ದರು. ಅದನ್ನು ನೋಡಿಯೇ ಎಷ್ಟೋ ಜನ ಆಪರೇಷನ್ನಿಗೆ ಒಪ್ಪಿದರು.

ವರ್ಷ ಕಳೆಯುವ ಹೊತ್ತಿಗೆ ಗಂಗವ್ವ ನನ್ನ ಹತ್ತಿರ ಬಂದಳು. ನೇರ ಡಾಕ್ಟರ ಹತ್ತಿರ ಹೋಗಲು ಅವಳಿಗೆ ಸಂಕೋಚ, ಪುಕ್ಕಟೆ ಮಾಡಿಸಿಕೊಂಡವಳು ನೋವು ಅನ್ನಬಹುದೇ ಎಂದು.

"ಅಕ್ಕಾರ, ನಿಂತ್ರ ಆರಾಮ ಅದೀನ್ರಿ. ಅಡ್ಡ್ಯಾಡಿದ್ರೂ ಆರಾಮ. ಕುಂತು ಮುಂದ ಬಾಗಿದ್ನೆಪ ಅಂದ್ರ ಒಳಗ ಯಾರೋ ಚಮಚಾ ಹಾಕಿ ತಿರುವಿದಂಗ ಆಗತೈತ್ರಿ."

ಎಕ್ಸ್‌ರೇ ಆಯಿತು. ನಿಲ್ಲಿಸಿ ತೆಗೆದರು, ನಿಂತಲ್ಲೇ ಮುಂದಕ್ಕೆ ಬಗ್ಗಿಸಿ ತೆಗೆದರು, ಹಿಂದಕ್ಕೆ ಬಾಗಿಸಿ ತೆಗೆದರು. ಪದ್ಧತಿ ಇದ್ದದ್ದೇ ಅಷ್ಟು. ಚಕ್ರಧರ್ ಫಿಲ್ಮಿನ ಮೇಲೆ ಗೆರೆ ಎಳೆದು ಕೋನ ಅಳೆದು, "ಎಷ್ಟು ಚಂದ ಬಗ್ಗಾಕತ್ತೈತಿ ನೋಡ್ರಿ" ಎಂದು ನಮಗೇ ತೋರಿಸಿದರು. ಅವರ ಲೆಕ್ಕದಲ್ಲಿ ಡಿಸ್ಕ್ ಬಗ್ಗಿದರೆ ರೋಗಿ ಗುಣ. ನೋವು ಎನ್ನುವುದು ಹೆದರಿಕೆ. ಹೆದರಿಕೆ ಬಿಡಿಸಿ ಎಂದು ನನ್ನ ಹತ್ತಿರ ಕಳಿಸಿದರು. ಅದು ಆಗದಿದ್ದಾಗ ಮನೋವೈದ್ಯರ ಹತ್ತಿರ ಕಳಿಸಿದರು.

"ನನಗೇನ್ ಹುಚ್ಚ ಹಿಡದೈತೇನ್ರಿ ಅಕ್ಕಾರ? ಹುಚ್ಚ ಹಿಡದ್ರ ಬರೇ ಕುಂತಾಗ ಹಿಡೀತೈತೇನ್ರಿ?" ಎಂದು ನನ್ನ ಮಂಚದ ಅಂಚು ಹಿಡಿದು ಕೇಳಿದಳು. ಕೆಲಸದ ನಡುವೆ ಎದ್ದು ಹೋಗಿ ಗೋಡೆಗೆ ಬೆನ್ನು ಒತ್ತಿ ನಿಂತು ಮತ್ತೆ ಬಂದು ಬಡಿಯುತ್ತಿದ್ದಳಂತೆ. ಪಂಕ್ತಿಯಲ್ಲಿ ಕೂತ ಮಕ್ಕಳು ಕಾದು ಕಾದು ಬೇರೆ ಕಡೆ ಹೋಗತೊಡಗಿದ್ದರು.

ಮುಂದಿನ ರೌಂಡಿನಲ್ಲಿ ನಾನು ಬಾಯಿಬಿಟ್ಟೆ. "ಸರ್, ಅವಳ ನೋವು ನೆಲದ ಮೇಲೆ ಕೂತಾಗ ಮಾತ್ರ. ಎಲ್ಲ ಎಕ್ಸ್‌ರೇ ನಿಂತು ತೆಗೆದದ್ದು" ಅಂದೆ.

ಚಕ್ರಧರ್ ತಿರುಗಿಯೂ ನೋಡಲಿಲ್ಲ. "ಶಕುಂತಲಾಬಾಯಿ, ನೀವು ಮೇಣ ಹಚ್ಚೋದು ನೋಡ್ಕೋರಿ" ಅಂದರು. ಹಿಂದೆ ನಿಂತಿದ್ದವರು ನಕ್ಕರು. ಆ ನಗು ನನಗೆ ಇವತ್ತಿಗೂ ಕಿವಿಯಲ್ಲಿದೆ. ಮೇಣ ಹಚ್ಚಿಯೇ ನಾನು ಮಕ್ಕಳನ್ನು ಓದಿಸಿದ್ದು, ಅದರಲ್ಲಿ ನಾಚಿಕೆ ಏನಿದೆ?

ನಗದೆ ನಿಂತಿದ್ದವರು ಒಬ್ಬರೇ, ಅವರ ಕೈಕೆಳಗಿನ ಕಿರಿಯ ಸರ್ಜನ್ ಡಾಕ್ಟರ್ ವಸುಧಾ. ಒಂದು ಭಾನುವಾರ ಅವರು ಗಂಗವ್ವನನ್ನು ಕರೆಸಿದರು. ಮನೆಯಿಂದ ಮಣೆಯನ್ನೂ ತರಲು ಹೇಳಿದ್ದರು. ವಾರ್ಡಿನಲ್ಲಿ ಬಳಸುವ ತಳ್ಳುವ ಎಕ್ಸ್‌ರೇ ಯಂತ್ರವನ್ನು ತರಿಸಿ, ಅದರ ಕತ್ತನ್ನು ನೆಲದವರೆಗೂ ಬಗ್ಗಿಸಲು ಹೇಳಿದರು. ತಂತ್ರಜ್ಞ ಯಾಕೂಬ್ ಭಾಯಿ, "ಜಮೀನ್ ಪೇ ಎಕ್ಸ್‌ರೇ? ಐಸಾ ಕಭೀ ನೈ ದೇಖಾ ಮೇಡಂ" ಎಂದು, ಹಿಂದೆ ಇಂಥದ್ದನ್ನು ಕಂಡೇ ಇಲ್ಲವೆಂದು ಗೊಣಗುತ್ತಲೇ ಎಲ್ಲ ಮಾಡಿದರು. ಗಂಗವ್ವ ಮಣೆಯ ಮೇಲೆ ಎಂದಿನಂತೆ ಕೂತು, ರೊಟ್ಟಿ ಇಲ್ಲದೆಯೇ ಬಡಿಯುವ ಭಂಗಿಗೆ ಬಾಗಿ ಉಸಿರು ಹಿಡಿದಳು. ಅವಳ ಹಣೆ ಬೆವೆತದ್ದನ್ನು ಸೆರಗಿನಿಂದ ಒರೆಸಲು ಹೋದರೆ ಯಾಕೂಬ್ ಭಾಯಿ ನನ್ನನ್ನು ಹೊರಗೆ ಅಟ್ಟಿದರು.

ಫಿಲ್ಮ್ ಬಂತು. ಮೇಲಿನ ತಟ್ಟೆಯ ಮುಂದಿನ ಅಂಚು ಮೂಳೆಯೊಳಗೆ ಇಳಿದುಬಿಟ್ಟಿತ್ತು. ಹಿಂದೆ ಸಂದು ಬಾಯಿ ತೆರೆದಿತ್ತು. ನಿಂತಾಗ ಮೂಳೆಗಳು ನೆಟ್ಟಗಾಗಿ ಎಲ್ಲ ಸರಿಯಾಗಿದ್ದಂತೆ ಕಾಣುತ್ತಿತ್ತು, ನಿಂತು ಬಗ್ಗಿದರೂ ಬಾಗುವುದು ತೊಡೆಯ ಸಂದಿನಲ್ಲೇ ಹೆಚ್ಚು, ಕೂತು ಬಾಗಿದಾಗ ಮಾತ್ರ ಕುಸಿತ ತೋರುತ್ತಿತ್ತು. ಇಷ್ಟು ಜನಕ್ಕೆ ನೆಲದ ಮೇಲೆ ಕೂರಬಹುದೆಂದು ಮಾತು ಕೊಟ್ಟ ಆಸ್ಪತ್ರೆಯಲ್ಲಿ ನೆಲದ ಮೇಲೆ ಕೂತವರ ಎಕ್ಸ್‌ರೇಯನ್ನು ಅದುವರೆಗೆ ಒಬ್ಬರೂ ತೆಗೆದಿರಲಿಲ್ಲ. ಡಿಸ್ಕ್ ಮಾಡಿದವರ ದೇಶದಲ್ಲಿ ಕುರ್ಚಿ ಬಿಟ್ಟು ಯಾರೂ ಕೂರುವುದಿಲ್ಲ, ಅವರಿಗೆ ಹೊಳೆದಿರಲಿಕ್ಕಿಲ್ಲ. ಆದರೆ ಚಕ್ರಧರ್ ಅವರ ತಾಯಿಯೂ ನೆಲದ ಮೇಲೆ ಕೂತೇ ಅವರಿಗೆ ಉಣಬಡಿಸಿರಬೇಕಲ್ಲ? ಹುಡುಗಿಯರೇ, ರೋಗಿಗೆ ಎಲ್ಲಿ ನೋಯುತ್ತದೆ ಎಂದು ಕೇಳುವುದನ್ನು ನಿಮಗೆ ಕಲಿಸಿರುತ್ತಾರೆ. ಅವರು ಮನೆಯಲ್ಲಿ ಹೇಗೆ ಕೂರುತ್ತಾರೆ, ಹೇಗೆ ಬಟ್ಟೆ ಒಗೆಯುತ್ತಾರೆ ಎಂದು ನೀವಾಗಿಯೇ ಕೇಳಿ. ನಿಮ್ಮ ಮುಂದೆ ಹಾಗೆ ಮಾಡಿ ತೋರಿಸಲು ಹೇಳಿ.

ಸೋಮವಾರ ಚಕ್ರಧರ್ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ವಸುಧಾ, ಗಂಗವ್ವ, ನಾನು ಮೂವರೂ ನಿಂತಿದ್ದೆವು. ತಪ್ಪಾಯಿತು ಎನ್ನುತ್ತಾರೆ ಎಂದು ನಾನು ನಿಜವಾಗಿಯೂ ಕಾದಿದ್ದೆ.

"ಹಿಂಗ ಬಾಗಿ ಕುಂದ್ರು ಅಂತ ನಿನಗ ಯಾರ್ ಹೇಳಿದ್ರು?" ಎಂದು ಕೇಳಿದರು.

ಗಂಗವ್ವನಿಗೆ ಮೊದಲು ಅರ್ಥವಾಗಲಿಲ್ಲ. "ನೀವ ಹೇಳಿದ್ರಲ್ರಿ ಸಾಹೇಬ್ರ. ಕುಂದ್ರಾಕ ಬರತೈತಿ ಅಂದ್ರಿ. ಹೊರಗ ಫೋಟೋದಾಗ ಕುಂತೀನಿ, ಬಾಜೂಕ ನೀವೂ ನಿಂತೀರಿ."

"ಅದು ಫೋಟೋ ಪೂರ್ತೇಕ ಅಮ್ಮಾ. ದಿನಾ ತಾಸಗಟ್ಲೆ ಕುಂದ್ರು ಅಂದಿದ್ನೇನು?"

ಈ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಆದ ಮೇಲೆ ಬರೆಯುವಾಗಲೂ ಉರಿಯುತ್ತಿದೆ. ಗಂಗವ್ವ ಮಾತ್ರ ಭಾನುವಾರ ಆಸ್ಪತ್ರೆಯಲ್ಲೇ ಬಿಟ್ಟುಹೋಗಿದ್ದ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದಳು.

ಡಾಕ್ಟರ್ ವಸುಧಾ ಅವರ ಕೆಲಸದ ಅವಧಿಯನ್ನು ಆಸ್ಪತ್ರೆಯವರು ಮುಂದುವರಿಸಲಿಲ್ಲ. ಕಾರಣ ಕೇಳಿದರೆ ಹೊಂದಾಣಿಕೆ ಇಲ್ಲ ಅಂದರು.

ಹಾಕಿದ ಡಿಸ್ಕನ್ನು ತೆಗೆಯುವುದು ಹಾಕಿದಷ್ಟು ಸುಲಭವಲ್ಲ. ಹೊಟ್ಟೆಯ ದೊಡ್ಡ ರಕ್ತನಾಳಗಳು ಹಳೆಯ ಗಾಯಕ್ಕೆ ಅಂಟಿಕೊಂಡಿರುತ್ತವೆ, ಬಿಡಿಸುವಾಗ ಹರಿದರೆ ಜೀವಕ್ಕೇ ಕುತ್ತು ಬರುತ್ತದೆ. ಬೇರೆ ಆಸ್ಪತ್ರೆಗಳ ಸರ್ಜನ್‌ಗಳು ಫಿಲ್ಮ್ ನೋಡಿ, ಮೊದಲು ಮಾಡಿದವರ ಹತ್ತಿರವೇ ಹೋಗಿ ಎಂದು ಕೈ ಮುಗಿದರು. ಕೊನೆಗೆ ಚಕ್ರಧರ್ ಅವರೇ ಬೆನ್ನಿನ ಕಡೆಯಿಂದ ಸ್ಕ್ರೂ ಹಾಕಿ ಮೂಳೆಗಳನ್ನು ಬೆಸೆದರು. ಬಗ್ಗುವ ಡಿಸ್ಕ್ ಒಳಗೇ ಉಳಿಯಿತು, ಬಗ್ಗದಂತೆ. ಯಾವುದನ್ನು ತಪ್ಪಿಸಲು ಹೊಟ್ಟೆ ಕೊಯ್ಸಿಕೊಂಡಳೋ ಅದೇ ಕೊನೆಗೂ ಆಯಿತು. ಇನ್ನು ನೆಲದ ಮೇಲೆ ಕೂರಬೇಡ ಎಂದು ಹೇಳುವ ಕೆಲಸ ಪದ್ಧತಿಯ ಪ್ರಕಾರ ಫಿಜಿಯೋದವರದು. ನಾನೇ ಹೇಳಿದೆ.

ಗಂಗವ್ವ ಎತ್ತರದ ಕಟ್ಟೆ ಕಟ್ಟಿಸಿ ನಿಂತು ಬಡಿದು ನೋಡಿದಳು. ತಾಸು ನಿಂತರೆ ಕಾಲು ಜೋಮು ಹಿಡಿಯುತ್ತಿತ್ತು. "ನಿಂತು ಬಡದ್ರ ರೊಟ್ಟಿ ದಪ್ಪ ಆಗತಾವ್ರಿ, ಹುಡುಗ್ರು ಅಂಚ್ ಬಿಟ್ಟ್ ಏಳತಾವ" ಅಂದಳು. ಖಾನಾವಳಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ರೇಣುಕಾ ಒಂದು ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನಿನಲ್ಲಿ ತಟ್ಟೆಗೆ ಬಡಿಸುವ ಕೆಲಸಕ್ಕೆ ಸೇರಿದಳು.

ಫೋಟೋ ಮಾತ್ರ ಗೋಡೆಯ ಮೇಲೆಯೇ ಇತ್ತು. ತೆಗೆಸಿ ಎಂದು ನಾನು ಆಡಳಿತದವರ ಹತ್ತಿರ ಹೋದೆ. ಆಗಿನ ಮ್ಯಾನೇಜರು ಬೆಂಗಳೂರಿನ ಹುಡುಗ, ಬಹಳ ವಿನಯದಿಂದ, "ಮೇಡಂ, ಅಷ್ಟು ನ್ಯಾಚುರಲ್ ಆಗಿ ಬಂದಿರೋ ಫೋಟೋ ಮತ್ತೆ ಸಿಗಲ್ಲ" ಅಂದ. ಪ್ರತಿದಿನ ಬೆಳಗ್ಗೆ ಅದರ ಮುಂದೆ ಹಾದೇ ನಾನು ಡ್ಯೂಟಿಗೆ ಹೋಗಬೇಕಿತ್ತು. ತಲೆ ತಗ್ಗಿಸಿಕೊಂಡು ಹೋಗುವುದು ರೂಢಿಯಾಯಿತು.

ನಾನು ನಿವೃತ್ತಳಾದ ದಿನ ಆಸ್ಪತ್ರೆಯವರು ಆ ಹಾಲ್‌ನಲ್ಲೇ, ಫೋಟೋ ಇದ್ದ ಗೋಡೆಯ ಮುಂದೆಯೇ ಸಣ್ಣ ಸಮಾರಂಭ ಇಟ್ಟಿದ್ದರು. ನಾನು ಗಂಗವ್ವನಿಗೂ ಹೇಳಿ ಕಳಿಸಿದ್ದೆ. ಬರುವುದಿಲ್ಲ ಅಂದುಕೊಂಡಿದ್ದೆ, ಬಂದಳು. ರೇಣುಕಾಳ ಕೈ ಹಿಡಿದು, ಬೆನ್ನು ಹಲಗೆಯಂತೆ ಸೆಟೆಸಿಕೊಂಡು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಷ್ಟು ಹೊತ್ತಿಗೆ ಆಸ್ಪತ್ರೆಯ ನಿರ್ದೇಶಕರಾಗಿದ್ದ ಚಕ್ರಧರ್ ನನ್ನ ಸೇವೆಯನ್ನು ಹೊಗಳಿದರು. ಆಮೇಲೆ ಗ್ರೂಪ್ ಫೋಟೋ. ನಿಮಗೆ ಗೊತ್ತಲ್ಲ, ಹಿಂದಿನ ಸಾಲು ನಿಲ್ಲುವುದು, ನಡುವಿನವರು ಕುರ್ಚಿಯಲ್ಲಿ, ಮುಂದಿನ ಸಾಲು ನೆಲದ ಮೇಲೆ.

ಫೋಟೋಗ್ರಾಫರ್ ಗಂಗವ್ವನನ್ನು ನೋಡಿ, "ಅಮ್ಮಾ, ಮೀರು ಕಿಂದ ಕೂರ್ಚೋಂಡಿ" ಎಂದು ನೆಲ ತೋರಿಸಿದ. ಅವನಿಗೇನು ಗೊತ್ತು ಪಾಪ. ಅವಳು ಅಲುಗಾಡಲಿಲ್ಲ. ಎಲ್ಲರೂ ಕಾಯುತ್ತಿದ್ದರು. ನಡುವಿನ ಕುರ್ಚಿಯಲ್ಲಿ ನನ್ನ ಪಕ್ಕ ಕೂತಿದ್ದ ಚಕ್ರಧರ್ ಕೈ ಮುಂದೆ ಚಾಚಿ, ನಗುನಗುತ್ತ, "ಕುಂದ್ರಮ್ಮ, ಕುಂದ್ರು. ನಾಚಿಕಿ ಯಾಕ? ಚಂದ ಬರತೈತಿ" ಅಂದರು.

ಗುರುತೇ ಸಿಕ್ಕಿರಲಿಲ್ಲ. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಬಾಗಿಲಷ್ಟು ಎತ್ತರಕ್ಕೆ ಅವಳು ಕೂತಿದ್ದಳು, ಎದುರಿಗೆ ನಿಂತವಳು ಯಾರೋ ಅವರಿಗೆ ಗೊತ್ತಾಗಲಿಲ್ಲ.

ಗಂಗವ್ವ ಒಮ್ಮೆ ಆ ಗೋಡೆ ನೋಡಿದಳು, ಒಮ್ಮೆ ಅವರನ್ನು ನೋಡಿದಳು.

"ನಿಮ್ಮ ಫೋಟೋಕ್ಕ ಒಮ್ಮಿ ಕುಂತೀನ್ರಿ ಸಾಹೇಬ್ರ. ಸಾಕು" ಅಂದಳು.

ನಾನು ಕುರ್ಚಿಯಿಂದ ಎದ್ದೆ. ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೋಗಿ ಅವಳ ಪಕ್ಕ ನಿಂತೆ. ಯಾರೋ ಮೇಡಂ ಮೇಡಂ ಎಂದು ಕರೆದರು. ನಾವು ಮೂವರು ಹೊರಗೆ ಬಂದು ಆಟೋ ಹಿಡಿದೆವು. ಸಮಾರಂಭದ ಫೋಟೋವನ್ನು ಆಮೇಲೆ ಮನೆಗೆ ಕಳಿಸಿಕೊಟ್ಟರು, ಚೌಕಟ್ಟು ಹಾಕಿಸಿ. ನಡುವೆ ಒಂದು ಖಾಲಿ ಕುರ್ಚಿ, ಅದರ ಮೇಲೊಂದು ಶಾಲು, ಮೇಲೆ ಗೋಡೆಯಲ್ಲಿ ರೊಟ್ಟಿ ಬಡಿಯುತ್ತಿರುವ ಗಂಗವ್ವ. ಮೊನ್ನೆ ತಂಗಿಯ ಮಗಳು ಅದನ್ನು ನೋಡಿ, "ದೊಡ್ಡವ್ವಾ, ಇದರಾಗ ನೀ ಎಲ್ಲಿದ್ದಿ?" ಎಂದು ಕೇಳಿದ್ದಕ್ಕೇ ಇಷ್ಟನ್ನೆಲ್ಲ ಬರೆಯಬೇಕಾಯಿತು.